ಬಾಡಿಗೆ ದನಿ

ಘಾಟ್ಕೋಪರಿನಲ್ಲಿ ಮೆಟ್ರೋ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ನಡೆದರೆ ಸಿಗುವ ‘ನವೋದಯ’ ಹೊಟೇಲಿಗೆ ಅದರದ್ದೇ ಒಂದು ಕಟ್ಟಳೆ ಇತ್ತು. ಗಿರಾಕಿಯ ಆರ್ಡರನ್ನು ಅಡುಗೆಮನೆಗೆ ಕೂಗಿ ಹೇಳಬೇಕು. ಕೆಲಸದವರು ತಮಗೆ ಬೇಕಾದ ಚಾ, ತಿಂಡಿ, ಊಟವನ್ನು ಮೆಲ್ಲಗೆ ಕೇಳಬೇಕು. ಗಿರಾಕಿಯ ಹಸಿವಿಗೆ ಅವಸರ, ನಮ್ಮ ಹಸಿವು ಮನೆಯದ್ದು, ಅದು ಕಾಯುತ್ತದೆ ಎಂದು ಈಗಿನ ಮಾಲಿಕ ಧನರಾಜರ ತಂದೆ ಯಾವ ಕಾಲದಲ್ಲೋ ಹೇಳಿದ್ದನ್ನು ಯಾರೂ ಗೋಡೆಯ ಮೇಲೆ ಬರೆಸಿರಲಿಲ್ಲ. ಬರೆಸುವ ಅಗತ್ಯವೂ ಬಿದ್ದಿರಲಿಲ್ಲ. ಅಡುಗೆಮನೆಯ ಕಿಂಡಿಯಿಂದ ಜೋರು ದನಿ ಬಂದರೆ ಕಾವಲಿಗೆ ಹಿಟ್ಟು ಬೀಳುತ್ತಿತ್ತು. ಮೆಲುದನಿ ಬಂದರೆ "ಆಯ್ತಾ, ಮತ್ತೆ" ಎಂಬ ಉತ್ತರ ಬರುತ್ತಿತ್ತು, ಎಂದರೆ ಆಮೇಲೆ.

ಆ ಕಿಂಡಿಯ ಪಕ್ಕದ ಸ್ಟೂಲು ಧನರಾಜರ ಹೆಂಡತಿ ಶೀಲಾವತಿಯದು. ಮದುವೆಯಾಗಿ ಕಾಪುವಿನಿಂದ ಮುಂಬಯಿಗೆ ಬಂದ ಹೊಸದರಲ್ಲಿ, ವೇಟರುಗಳೆಲ್ಲ ಒಮ್ಮೆಗೇ ಕಿಂಡಿಗೆ ಮುಖ ಹಾಕಿ ಅರಚುವುದನ್ನು ನೋಡಿ "ಇದೆಂತ ಹೊಟೇಲಾ, ಮೀನು ಮಾರ್ಕೆಟ್ಟಾ?" ಎಂದು ಕೇಳಿ ಸ್ಟೂಲು ಎಳೆದುಕೊಂಡು ಕೂತವಳು ಮತ್ತೆ ಏಳಲಿಲ್ಲ. ವೇಟರುಗಳು ಅವಳಿಗೆ ಹೇಳುವುದು, ಅವಳು ಒಳಕ್ಕೆ ತುಳುವಿನಲ್ಲಿ ಕೂಗುವುದು. ಕೂಗಿಗೊಂದು ರಾಗವೂ ಇತ್ತು. "ಒಂಜಿ ಮಸಾಲೇ" ಎಂದು ಒಂದು ಮಸಾಲೆ ದೋಸೆ ಹೇಳುವಾಗ ಕೊನೆ ಮೇಲಕ್ಕೇರಬೇಕು, "ರಡ್ಡ್ ಇಡ್ಲಿ" ಎಂದು ಎರಡು ಇಡ್ಲಿ ಹೇಳುವಾಗ ಕೆಳಗಿಳಿಯಬೇಕು. ಗ್ರೈಂಡರು, ಎಕ್ಸಾಸ್ಟ್ ಫ್ಯಾನುಗಳ ಗದ್ದಲದಲ್ಲಿ ಮಾತು ಅರ್ಧ ಕೇಳಿಸಿದರೂ ರಾಗ ಪೂರ್ತಿ ಕೇಳಿಸುತ್ತಿತ್ತು, ಮುಖ್ಯ ಅಡುಗೆಯವ ಕೊರಗಣ್ಣನ ಕೈ ತಾನಾಗಿ ಕಾವಲಿಗೋ ಇಡ್ಲಿ ಪಾತ್ರೆಗೋ ಹೋಗುತ್ತಿತ್ತು. ಭಾಭಿಯ ಕೂಗು ಕೇಳಿದರೇ ಹಸಿವಾಗುತ್ತದೆ ಎಂದು ಎದುರಿನ ಬಟ್ಟೆಯಂಗಡಿಯ ಗುಜರಾತಿ ಸೇಠ್ ಹೇಳುತ್ತಿದ್ದ. ಅವನಿಗೆ ಹಸಿವಾಗಲು ಕೂಗು ಬೇಕಿರಲಿಲ್ಲ ಎಂಬುದು ಬೇರೆ ಮಾತು.

ಕಳೆದ ವರ್ಷ ಆ ದನಿ ಒಡೆಯಿತು. ಮೊದಲು ಗೊಗ್ಗರಾಯಿತು, ಆಮೇಲೆ ಬರೀ ಗಾಳಿ ಬರತೊಡಗಿತು. ಗಂಟಲಲ್ಲಿ ಗಂಟು ಬೆಳೆದಿದೆ ಎಂದು ಡಾಕ್ಟರು ಅದನ್ನು ತೆಗೆದರು. ತೆಗೆದ ಮೇಲೆ ಕನ್ನಡಕ ಕಳಚಿ, "ಮಾತಾಡಬಹುದು, ಮೆಲ್ಲಗೆ. ಕೂಗಿದರೆ ಇರುವಷ್ಟು ದನಿಯೂ ಹೋಗುತ್ತದೆ. ಆಮೇಲೆ ನನ್ನಿಂದ ಏನೂ ಆಗುವುದಿಲ್ಲ" ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದರು.

ಭಾಂಡುಪಿನ ಮನೆಯಲ್ಲಿ ಟೀವಿ ನೋಡುತ್ತ ಕೂರು ಎಂದರೆ ಕೂರುವ ಹೆಂಗಸಲ್ಲ ಅದು. ಮುಂಚಿನಂತೆಯೇ ಬೆಳಗಿನ ಲೋಕಲ್ ಹಿಡಿದು ಬಂದು, ಅದೇ ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕೂತು ಕೊತ್ತಂಬರಿ ಸೊಪ್ಪು ಸೋಸುತ್ತಿದ್ದಳು. ಕಿಂಡಿಯಲ್ಲಿ ಮತ್ತೆ ಮೀನು ಮಾರ್ಕೆಟ್ಟು ಶುರುವಾಗಿತ್ತು. ವೇಟರೊಬ್ಬ ಉತ್ತಪ್ಪಕ್ಕೆ ಇಡ್ಲಿಯ ರಾಗ ಹಾಕಿದಾಗಲೆಲ್ಲ ಸೊಪ್ಪು ಸೋಸುವ ಕೈ ನಿಲ್ಲುತ್ತಿತ್ತು, ಗಂಟಲು ಒಮ್ಮೆ ಅಲುಗುತ್ತಿತ್ತು. ಒಂದಲ್ಲ ಒಂದು ದಿನ ಇವಳು ತಡೆಯಲಾರದೆ ಕೂಗಿಯೇಬಿಡುತ್ತಾಳೆ ಎಂದು ಮಗಳು ಲಾವಣ್ಯಳಿಗೆ ಖಾತ್ರಿಯಾಯಿತು. ಅವಳಿಗೆ ಹೆದರಿಕೆಯಾಯಿತು.

ಲಾವಣ್ಯ ಘಾಟ್ಕೋಪರಿನಲ್ಲೇ ಒಂದು ಆಫೀಸಿನಲ್ಲಿ ವೆಬ್‌ಸೈಟು ಮಾಡುವ ಕೆಲಸದಲ್ಲಿದ್ದಳು. ಮಧ್ಯಾಹ್ನದ ಊಟಕ್ಕೆ ಅಪ್ಪನ ಹೊಟೇಲಿಗೇ ಬರುತ್ತಿದ್ದಳು. ತುಳು ಅರ್ಥವಾಗುತ್ತಿತ್ತು, ಆಡುವಾಗ ಎರಡನೆಯ ಮಾತಿಗೇ ಹಿಂದಿ ನುಸುಳುತ್ತಿತ್ತು. ಆದರೆ ಕಂಪ್ಯೂಟರಿನ ಭಾಷೆಯಲ್ಲಿ ಅವಳಿಗೆ ತೊದಲಿರಲಿಲ್ಲ. ನವೋದಯದಲ್ಲಿ ಬಿಲ್ಲು, ಆರ್ಡರು ನೋಡಿಕೊಳ್ಳಲು ಅವಳೇ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಳು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಅಂಥದ್ದು. ಅದಕ್ಕೆ ನಮಗೆ ಬೇಕಾದ್ದನ್ನು ಸೇರಿಸಿಕೊಳ್ಳುವ ತುಂಡಿಗೆ ಪ್ಲಗಿನ್ ಎನ್ನುತ್ತಾರೆ. ಯಾರೋ ಹೊಲಿದ ಅಂಗಿಗೆ ನಮ್ಮದೊಂದು ಜೇಬು ಹಚ್ಚಿದ ಹಾಗೆ. ಲಾವಣ್ಯ ಹಚ್ಚಿದ ಜೇಬಿನ ಹೆಸರು ‘ಕೂಗು’. ವೇಟರು ಟ್ಯಾಬ್ಲೆಟ್ಟಿನಲ್ಲಿ ಮಸಾಲೆ ದೋಸೆ ಒತ್ತಿದರೆ ಅಡುಗೆಮನೆಯ ಸ್ಪೀಕರು "ಒಂದು ಮಸಾಲೆ ದೋಸೆ" ಎಂದು ಹೇಳುತ್ತಿತ್ತು. ದನಿ ಮಾತ್ರ ಅವಳದಲ್ಲ, ದನಿ ಬಾಡಿಗೆಗೆ ಕೊಡುವ ಒಂದು ಕಂಪನಿಯದು. ಅಕ್ಷರ ಕಳಿಸಿದರೆ ಅವರ ಯಂತ್ರ ಅದನ್ನು ಮಾತಾಗಿಸಿ ವಾಪಸ್ಸು ಕಳಿಸುತ್ತಿತ್ತು. ಸದ್ಯಕ್ಕೆ ಪುಕ್ಕಟೆ, ಮುಂದಿನದ್ದು ಮುಂದೆ ಎಂದಿತ್ತು. ಮುಂದಿನದ್ದನ್ನು ಮುಂದೆಯೇ ನೋಡೋಣ ಎಂದು ಲಾವಣ್ಯಳೂ ಅಂದುಕೊಂಡಳು.

ಮೊದಲ ದಿನವೇ ಅನಾಹುತ. ಊಟದ ಹೊತ್ತಿನಲ್ಲಿ ಟೇಬಲ್ಲುಗಳೆಲ್ಲ ತುಂಬಿ, ಆರ್ಡರು ಹೋಗಿ ಹೋಗಿ, ಒಳಗಿನಿಂದ ಒಂದು ತಟ್ಟೆಯೂ ಹೊರಗೆ ಬರಲಿಲ್ಲ. ಲಾವಣ್ಯ ಒಳಗೆ ಓಡಿದರೆ ಕೊರಗಣ್ಣ ಸಮಾಧಾನದಿಂದ ಕೈ ಒರೆಸಿಕೊಳ್ಳುತ್ತಿದ್ದ.

"ಕೊರಗಣ್ಣ, ದೋಸೆ ಎಲ್ಲಿ? ಗಿರಾಕಿ ಕಾಯ್ತಾ ಇದ್ದಾರೆ!"

"ಗಿರಾಕಿಯಾ? ಗಿರಾಕಿಯ ಆರ್ಡರೇ ಬರ್ಲಿಲ್ಲ ಮಾರಾಯ್ತಿ. ಬಂದದ್ದೆಲ್ಲ ನಮ್ಮ ಹುಡುಗರದ್ದು. ಇವತ್ತು ಇವರಿಗೆಲ್ಲ ಎಂತ ಹಸಿವೆಯೋ ದೇವರಿಗೇ ಗೊತ್ತು, ಒಬ್ಬೊಬ್ಬನಿಗೆ ಎರಡೆರಡು ಮಸಾಲೆಯಂತೆ. ರಶ್ ಮುಗಿದ ಮೇಲೆ ಕೊಡುವ ಅಂತ ಇಟ್ಟಿದ್ದೇನೆ."

ಸ್ಪೀಕರಿನ ಹೆಂಗಸು ವಾರ್ತೆ ಓದುವವಳ ಹಾಗೆ ಮೃದುವಾಗಿ, ಗೌರವದಿಂದ ಹೇಳುತ್ತಿದ್ದಳು. ನವೋದಯದ ಅಡುಗೆಮನೆಯಲ್ಲಿ ಮೃದುವಾಗಿ ಕೇಳಿದ್ದಕ್ಕೆ ಅವಸರವಿಲ್ಲ. ಹೊರಗೆ ಶೀಲಾವತಿ ಸೊಪ್ಪಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ದನಿಯಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಪರೇಶನ್ನಿನ ನಂತರ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಲಾವಣ್ಯ ದನಿಯ ಸದ್ದು ಏರಿಸಿದಳು, ವೇಗ ಹೆಚ್ಚಿಸಿದಳು, ಪ್ರತಿ ಆರ್ಡರಿಗೂ ಮುಂಚೆ ಗಂಟೆ ಬಾರಿಸುವ ಹಾಗೆ ಮಾಡಿದಳು. ವಾರದೊಳಗೆ ಅಡುಗೆಮನೆ ಸ್ಪೀಕರಿನ ಹೆಂಗಸಿಗೆ ಒಗ್ಗಿಕೊಂಡಿತು. ಕೊರಗಣ್ಣ ಅವಳನ್ನು ‘ಮೇಡಂ’ ಎಂದು ಕರೆಯತೊಡಗಿದ.

ಧನರಾಜರಿಗೆ ಮಗಳು ಮಾಡಿದ್ದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳಲು ಆಗಲಿಲ್ಲ. ಹೊಟೇಲಿನವರ ಸಂಘದ ಸತ್ಯನಾರಾಯಣ ಪೂಜೆಯಲ್ಲಿ, ಪ್ರಸಾದ ಕೈಯಲ್ಲಿ ಹಿಡಿದುಕೊಂಡೇ, "ನನ್ನ ಮಗಳು ಮಾಡಿದ್ದು. ಎಲ್ಲರೂ ಹಾಕಿಸಿಕೊಳ್ಳಿ. ಒಂದು ಪೈಸೆ ಇಲ್ಲ, ಪುಕ್ಕಟೆ. ನಾನು ಹೇಳುವುದು, ಧನರಾಜ ಹೇಳುವುದು!" ಎಂದು ಸಾರಿಬಿಟ್ಟರು. ಬಿಟ್ಟಿ ಸಿಕ್ಕಿದರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಲೋಕವಲ್ಲವೇ. ಚೆಂಬೂರಿನ ತ್ಯಾಂಪಣ್ಣ ಮೊದಲು ಹಾಕಿಸಿಕೊಂಡರು, ಅವರನ್ನು ನೋಡಿ ಮುಲುಂಡಿನವರು, ಮಾಟುಂಗದವರು, ಭಾಂಡುಪಿನಲ್ಲಿ ಕಾರ್ಖಾನೆ ಕ್ಯಾಂಟೀನು ನಡೆಸುವವರು. ಪ್ಲಗಿನ್ನಿನ ಪುಟದ ಕೆಳಗೆ ಲಾವಣ್ಯ ಸಣ್ಣ ಅಕ್ಷರದಲ್ಲಿ ‘ಇದಕ್ಕೆ ಹೊರಗಿನ ದನಿ ಸೇವೆ ಬೇಕು’ ಎಂದು ಬರೆದಿದ್ದಳು. ಅದನ್ನು ಓದಿದವರಿಲ್ಲ. ಧನರಾಜರಂತೂ ಮೇಲಿನ ದೊಡ್ಡ ಅಕ್ಷರವನ್ನೂ ಓದಿರಲಿಲ್ಲ.

ಮುಂದಿನದ್ದು ಮಳೆಗಾಲದ ಕೊನೆಗೆ ಬಂತು. ವಿಕ್ರಂ ಎಂಬವನ ರೂಪದಲ್ಲಿ ಬಂತು. ಮೈಸೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಚೆಂಬೂರು, ದನಿ ಕಂಪನಿಯಲ್ಲಿ ಕೆಲಸ. ಸಭ್ಯ ಹುಡುಗ. ನವೋದಯದಲ್ಲಿ ಲಾವಣ್ಯಳ ಎದುರು ಕೂತು, ಇಡ್ಲಿ ತಿಂದು, ಎರಡನೆಯ ಸಲ ಚಟ್ನಿ ಹಾಕಿಸಿಕೊಂಡು ಮಾತಿಗೆ ತೊಡಗಿದ.

"ಬರೋ ತಿಂಗಳಿಂದ ನಾವು ಚಂದಾ ಶುರು ಮಾಡ್ತಾ ಇದೀವಿ, ಲಾವಣ್ಯ ಅವರೇ. ಪ್ರತಿ ಹೊಟೇಲೂ ಕಟ್ಟಬೇಕಾಗುತ್ತೆ."

"ಲೇಕಿನ್ ನನ್ನ ಪ್ಲಗಿನ್ ಫ್ರೀ ಅಲ್ವಾ? ನಾನು ಎಲ್ರಿಗೂ ಹಾಗೇ ಹೇಳಿದ್ದು."

"ನಿಮ್ಮ ಪ್ಲಗಿನ್ ಈಗಲೂ ಫ್ರೀನೇ. ನಮ್ಮ ದನಿಗೆ ಮಾತ್ರ ದುಡ್ಡು. ನಿಮ್ಮ ತಂದೆ ಚಟ್ನಿ ಪುಕ್ಕಟೆ ಕೊಡ್ತಾರಲ್ಲ, ಹಾಗಂತ ಬರೀ ಚಟ್ನಿ ಕೊಡಿ ಅಂದ್ರೆ ಕೊಡ್ತಾರಾ? ಇಡ್ಲಿ ತಗೋಬೇಕು ತಾನೆ? ನಮಗೂ ಯಂತ್ರ ಇದೆ, ಕರೆಂಟು ಇದೆ, ಸಂಬಳ ಇದೆ. ದನಿ ಅನ್ನೋದು ಗಾಳೀಲಿ ಬರಲ್ಲ."

ಅವನು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ತೊಂದರೆ. ಅವನು ಇನ್ನೂ ಒಂದು ಮಾತು ಹೇಳಿದ. ‘ಕೂಗು’ ಬೇರೆ ಯಾವ ದನಿಗೂ ಹೋಗದೆ ತಮ್ಮ ದನಿಗೇ ಅಂಟಿಕೊಂಡಿದ್ದರೆ ನವೋದಯಕ್ಕೆ ಯಾವತ್ತೂ ಚಂದಾ ಇಲ್ಲ. ಶೀಲಾವತಿಯ ಗಂಟಲಿನ ಕತೆ ಅವನಿಗೆ ಗೊತ್ತಿತ್ತು. "ಅಮ್ಮಾವ್ರು ಮತ್ತೆ ಕೂಗೋ ಹಾಗೆ ಆಗಬಾರದು" ಎಂದು ಮನಸಾರೆ ಹೇಳಿದ.

ಅಂದು ಸಂಜೆ ಮನೆಯಲ್ಲಿ ಲಾವಣ್ಯ ಎಲ್ಲವನ್ನೂ ಹೇಳಿದಳು. ಧನರಾಜರು ಚಪ್ಪಲಿ ಕಳಚಿ ಬದಿಗಿಟ್ಟರು. "ಒಪ್ಪಿಕೋ ಮಗಾ. ನಿನ್ನ ಅಮ್ಮನ ಗಂಟಲು ಉಳಿದ್ರೆ ನನಗೆ ಅಷ್ಟೇ ಸಾಕು. ಸಂಘದವರಿಗೆ ನಾನು ಹೇಗಾದ್ರೂ ಹೇಳಿಕೊಳ್ತೇನೆ" ಎಂದರು. ಲಾವಣ್ಯಳಿಗೆ ಅಪ್ಪನ ಮೇಲೆ ಪ್ರೀತಿ ಉಕ್ಕಿತು, ತನ್ನ ಮೇಲೆ ಸಿಟ್ಟು ಬಂತು. ತಕ್ಕಡಿಯ ಒಂದು ತಟ್ಟೆಯಲ್ಲಿ ಅಮ್ಮನ ಗಂಟಲು, ಇನ್ನೊಂದರಲ್ಲಿ ಅಪ್ಪನ ಮಾತು. ತಕ್ಕಡಿ ತಂದಿಟ್ಟವಳು ತಾನೇ. ಯೋಚಿಸಿ ಹೇಳುತ್ತೇನೆ ಎಂದು ವಿಕ್ರಂಗೆ ಬರೆದು ಸುಮ್ಮನಾದಳು. ಅಲ್ಲಿಯವರೆಗೆ ನವೋದಯದ ದನಿ ನಿಲ್ಲಿಸುವುದಿಲ್ಲ ಎಂದು ಅವನಿಂದ ಉತ್ತರ ಬಂತು. ಧನರಾಜರೂ ಸಂಘದವರಿಗೆ ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ಮುಂದೂಡುತ್ತ ಬಂದರು. ಮಾತು ಕೊಡುವಾಗ ಇದ್ದ ಗಂಟಲು ಹಿಂತೆಗೆದುಕೊಳ್ಳುವಾಗ ಯಾರಿಗೂ ಇರುವುದಿಲ್ಲ.

ತಿಂಗಳ ಮೊದಲ ದಿನ, ಸರಿಯಾಗಿ ಊಟದ ರಶ್ಶಿನಲ್ಲಿ, ಚೆಂಬೂರಿನಿಂದ ರಿಕ್ಷಾ ಮಾಡಿಕೊಂಡು ತ್ಯಾಂಪಣ್ಣ ಬಂದಿಳಿದರು. ಬನಿಯನ್ನಿನ ಮೇಲೆ ಶರ್ಟು ಸಿಕ್ಕಿಸಿಕೊಂಡು ಬಂದಿದ್ದರು, ಗುಂಡಿ ಹಾಕುವ ತಾಳ್ಮೆಯೂ ಇರಲಿಲ್ಲ.

"ಎಂತ ಧನರಾಜಾ ಇದು? ನಿನ್ನ ಮಗಳ ಮೇಡಂ ಬೆಳಿಗ್ಗೆಯಿಂದ ಒಂದೇ ಮಾತು. ‘ನಿಮ್ಮ ಚಂದಾ ಬಾಕಿ ಇದೆ, ದಯವಿಟ್ಟು ಪಾವತಿಸಿ.’ ಚಂದಾ ವಸೂಲಿಗೆ ಗಣಪತಿ ಮಂಡಳದವರು ಒಳಗೆ ಬಂದ್ರು ಅಂತ ನನ್ನ ಅಡುಗೆಯವ ಹಿಂದಿನ ಬಾಗಿಲಿಗೆ ಚಿಲಕ ಹಾಕಿ ಕೂತಿದ್ದಾನೆ! ದೋಸೆ ಇಲ್ಲ, ಮಣ್ಣಿಲ್ಲ. ಪುಕ್ಕಟೆ ಅಂತ ಹೇಳಿದ್ದು ಯಾರು? ಪ್ರಸಾದ ಕೈಯಲ್ಲಿ ಹಿಡಿದು ಹೇಳಿದ್ದು ಯಾರು?"

ಗಲ್ಲಾದ ಹಿಂದೆ ಧನರಾಜರು ಎದ್ದು ನಿಂತರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗೆ ಗಂಟೆ ಬಾರಿಸಿ, ಮೇಡಂ ಲಕ್ಷಣವಾಗಿ "ಎರಡು ಮಸಾಲೆ ದೋಸೆ, ಒಂದು ಉಪ್ಪಿಟ್ಟು" ಎಂದಳು.

ತ್ಯಾಂಪಣ್ಣ ಕಿಂಡಿಯ ಕಡೆ ನೋಡಿದರು. ಧನರಾಜರ ಕಡೆ ನೋಡಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವರ ಸಿಟ್ಟೆಲ್ಲ ಇಳಿದುಹೋಗಿ ದನಿ ಸಣ್ಣದಾಯಿತು.

"ನಿಮ್ಮಲ್ಲಿ ಮಾತಾಡ್ತಾಳೆ. ನಮ್ಮಲ್ಲಿ ಮಾತ್ರ ಮೂಗಿ. ಆಯ್ತು ಮಾರಾಯ. ದೊಡ್ಡವರ ಮನೆಯ ವ್ಯವಹಾರ, ನಮಗೆ ಹೇಗೆ ಗೊತ್ತಾಗಬೇಕು."

ಊಟಕ್ಕೆ ಕೂತಿದ್ದ ಲಾವಣ್ಯಳ ಕೈಯಲ್ಲಿ ತುತ್ತು ಹಾಗೆಯೇ ಉಳಿಯಿತು. ಅಪ್ಪನ ಮುಖ ನೋಡಲಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು. ಇಷ್ಟು ವರ್ಷ ಒಟ್ಟಿಗೆ ಅಕ್ಕಿ ತರಿಸಿ, ಒಟ್ಟಿಗೆ ಊರಿಗೆ ಹೋಗಿ ಬಂದ ಮನುಷ್ಯ, ಇನ್ನು ಮೇಲೆ ಅಪ್ಪನ ಒಂದು ಮಾತನ್ನೂ ನಂಬಲಾರ.

ಆಗ ಶೀಲಾವತಿ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಎದ್ದಳು. ಗೋಡೆಯ ಸ್ವಿಚ್ಚು ಒತ್ತಿ ಸ್ಪೀಕರು ಆರಿಸಿದಳು. ವೇಟರುಗಳು ನಿಂತಲ್ಲೇ ನಿಂತರು. ಅವಳು ಸ್ಟೂಲು ಕಿಂಡಿಗೆ ಎಳೆದುಕೊಂಡು ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತ್ಯಾಂಪಣ್ಣನವರಿಗೆ ಮೆಲ್ಲಗೆ ಹೇಳಿದಳು.

"ಈಗ ನಮ್ಮಲ್ಲೂ ಮೂಗಿಯೇ, ತ್ಯಾಂಪಣ್ಣ."

ಹೇಳಿ ಕಿಂಡಿಯ ಕಡೆ ತಿರುಗಿದಳು. ಬೆನ್ನು ನೆಟ್ಟಗಾಯಿತು, ಎದೆಗೆ ಗಾಳಿ ತುಂಬಿಕೊಂಡಿತು. ಲಾವಣ್ಯಳಿಗೆ ಆ ಭಂಗಿ ಚಿಕ್ಕಂದಿನಿಂದ ಗೊತ್ತು. ಕುರ್ಚಿ ಬೀಳುವುದನ್ನೂ ನೋಡದೆ ಓಡಿದವಳು ಎಂಜಲು ಕೈಯಿಂದಲೇ ಅಮ್ಮನ ಬಾಯಿ ಮುಚ್ಚಿದಳು.

"ಅಮ್ಮಾ, ನಹೀ! ಬೇಡ! ನಾನು, ನಾನು ಕೂಗ್ತೇನೆ!"

ಹೇಳಿದ್ದು ಹೇಳಿಯಾಯಿತು, ಈಗ ಕೂಗಬೇಕು. ಇಡೀ ಹೊಟೇಲು ನೋಡುತ್ತಿತ್ತು. ಲಾವಣ್ಯ ಕಣ್ಣು ಮುಚ್ಚಿಕೊಂಡು ಕಿಂಡಿಯೊಳಗೆ ಅರಚಿದಳು: "ರಡ್ಡ್ ಮಸಾಲೆ! ಒಂಜಿ ಉಪ್ಪಿಟ್ಟು!"

ಒಳಗಿನಿಂದ ಕೊರಗಣ್ಣನ ತಲೆ ಹೊರಬಂತು. "ಮಸಾಲೆಯಾ ಇಡ್ಲಿಯಾ? ರಾಗ ಇಡ್ಲಿದು ಬಂತಲ್ಲ!"

ಯಾರೋ ನಕ್ಕರು. ಅಮ್ಮ ನಗಲಿಲ್ಲ. ಅವಳು ಕಿಂಡಿಯ ಕಲ್ಲಿನ ಮೇಲೆ ಬೆರಳಿನಿಂದ ತಾಳ ಹಾಕಿ, ಕೈಯನ್ನು ಮೆಲ್ಲಗೆ ಮೇಲಕ್ಕೆತ್ತಿ ತೋರಿಸಿದಳು, ಭಜನೆಯಲ್ಲಿ ಮಕ್ಕಳಿಗೆ ತೋರಿಸುವ ಹಾಗೆ. ಲಾವಣ್ಯ ಮತ್ತೆ ಕೂಗಿದಳು. ಈ ಸಲ ‘ಮಸಾಲೇ’ ಮೇಲಕ್ಕೇರಿತು, ಏರಿ ಸ್ವಲ್ಪ ಬಿರುಕು ಬಿಟ್ಟಿತು, ಆದರೆ ಏರಿತು. ಕಾವಲಿಯ ಮೇಲೆ ಹಿಟ್ಟು ಚುಂಯ್ ಎಂದಿತು.

ರಶ್ಶು ಮುಗಿಯುವವರೆಗೂ ಆಫೀಸಿನವರ ಕರೆಗೆ ಅವಳ ಫೋನು ಮೇಜಿನ ಮೇಲೆ ಬಡಿದುಕೊಳ್ಳುತ್ತಲೇ ಇತ್ತು. ಲಾವಣ್ಯ ಎತ್ತಲಿಲ್ಲ. ಅಮ್ಮ ಕೈಯಲ್ಲಿ ಏರಿಸಿದ್ದನ್ನು ಅವಳು ಬಾಯಲ್ಲಿ ಏರಿಸಿದಳು, ಅಮ್ಮ ಇಳಿಸಿದ್ದನ್ನು ಇಳಿಸಿದಳು. ಗಂಟಲು ಉರಿಯಿತು. ಇಷ್ಟು ವರ್ಷ ಅಮ್ಮ ಇದನ್ನು ಹೇಗೆ ಮಾಡಿದಳೋ ಎಂದುಕೊಂಡಾಗ ಅವಳಿಗೆ ಅಳು ಬಂದಹಾಗಾಯಿತು, ಆದರೆ ಅದೇ ಹೊತ್ತಿಗೆ ಯಾರೋ ರವಾ ದೋಸೆ ಕೇಳಿದ್ದರಿಂದ ಅಳಲು ಪುರಸೊತ್ತಾಗಲಿಲ್ಲ. ಮತ್ತೊಂದು ವಿಷಯ ಅವಳಿಗೆ ಕೂಗುತ್ತ ಕೂಗುತ್ತಲೇ ಹೊಳೆಯಿತು. ತಾನು ಕೂಗುತ್ತಿರುವುದು ಮತ್ತೆ ಮತ್ತೆ ಅದನ್ನೇ. ಗೋಡೆಯ ಬೋರ್ಡಿನಲ್ಲಿ ಎಷ್ಟು ತಿಂಡಿಯ ಹೆಸರಿದೆಯೋ ಅಷ್ಟು, ಅದರ ಮೇಲೆ ಒಂಜಿಯಿಂದ ಪತ್ತಿನವರೆಗೆ, ಒಂದರಿಂದ ಹತ್ತರವರೆಗೆ, ಲೆಕ್ಕ. ಇಷ್ಟೇ ಮಾತಿಗೆ ಜಗತ್ತಿನ ಎಲ್ಲ ಮಾತೂ ಬಲ್ಲ ಯಂತ್ರವನ್ನು ಬಾಡಿಗೆಗೆ ತರುವುದೇಕೆ? ಒಮ್ಮೆ ಕೂಗಿ ಹಿಡಿದಿಟ್ಟುಕೊಂಡರೆ ಸಾಲದೇ?

ತ್ಯಾಂಪಣ್ಣ ಹೋಗಿರಲಿಲ್ಲ. ಸಿಟ್ಟಿನಲ್ಲಿ ಬಂದವರು ಹಸಿವಿನಲ್ಲಿ ಕೂತು ಎರಡು ಮಸಾಲೆ ಮುಗಿಸಿದ್ದರು. ಲಾವಣ್ಯ ಬೆವರು ಒರೆಸಿಕೊಳ್ಳುತ್ತ ಅವರ ಎದುರು ಕೂತಳು.

"ಮಾಮಾ, ನಿಮ್ಮ ಹೊಟೇಲಲ್ಲಿ ಜೋರಾಗಿ ಕೂಗುವವರು ಯಾರು?"

"ನಾನೇ. ಈಗ ಕೇಳಿದ್ದಿಯಲ್ಲ."

"ಹಾಗಾದ್ರೆ ನಿಮ್ಮ ದನಿಯೇ ಹಾಕುವ. ನಿಮ್ಮ ಕಿಚನ್‌ಗೆ ನಿಮ್ಮದು, ನಮ್ಮದಕ್ಕೆ ನಮ್ಮದು. ಇಂಟರ್‌ನೆಟ್ ಬೇಡ, ಕಂಪನಿ ಬೇಡ, ಚಂದಾ ಬೇಡ. ಈ ಸಲ ಸಚ್ಚೀ ಮುಚ್ಚೀ, ನಿಜವಾಗ್ಲೂ ಪುಕ್ಕಟೆ."

ತ್ಯಾಂಪಣ್ಣ ಲೋಟದ ನೀರು ಕುಡಿದು ಧನರಾಜರ ಕಡೆ ನೋಡಿದರು. "ನಿನ್ನ ಅಪ್ಪ ಹೇಳಿದ್ರೆ ನಂಬುವುದಿಲ್ಲ ಇನ್ನು. ನೀನು ಹೇಳು."

"ನಾನೇ ಹೇಳುವುದು."

"ಆಯ್ತು" ಎಂದು ಎದ್ದು, ಆಗ ಶರ್ಟಿನ ಗುಂಡಿ ಹಾಕಿಕೊಂಡರು.

ನಂತರದ ದಿನಗಳಲ್ಲಿ ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಾ ಶುರುವಾಗುವ ನಡುವಿನ ಖಾಲಿ ಹೊತ್ತಿನಲ್ಲಿ, ಎಕ್ಸಾಸ್ಟ್ ಫ್ಯಾನು ನಿಲ್ಲಿಸಿ, ಲಾವಣ್ಯ ಕಿಂಡಿಯ ಮುಂದೆ ಫೋನಿಟ್ಟು ಕೂಗಿದಳು. ಅಮ್ಮ ಕೈಯಾಡಿಸಿದಳು. ಕೊರಗಣ್ಣ ಒಳಗಿನಿಂದ "ಬನ್ಸಿನ ರಾಗ ಇನ್ನೂ ಸ್ವಲ್ಪ ಎಳೀಬೇಕು" ಎಂದೋ "ಇದು ಶೀಲಕ್ಕಂದೇ ಸೈ" ಎಂದೋ ತೀರ್ಪು ಕೊಟ್ಟ. ಬೇರೆ ಹೊಟೇಲುಗಳವರೂ ತಮ್ಮ ತಮ್ಮ ದನಿ ಹಿಡಿದಿಟ್ಟುಕೊಂಡರು. ತ್ಯಾಂಪಣ್ಣನವರ ದನಿಯಲ್ಲಿ ಪ್ರತಿ ತಿಂಡಿಯ ಹಿಂದೆಯೂ ಒಂದು ಬೈಗುಳ ಸೇರಿಕೊಂಡಿತ್ತು. ತೆಗೆಯಲೇ ಎಂದು ಕೇಳಿದ್ದಕ್ಕೆ, ಅದಿಲ್ಲದಿದ್ದರೆ ನನ್ನ ಅಡುಗೆಯವನಿಗೆ ಅರ್ಥವಾಗುವುದಿಲ್ಲ ಎಂದರು. ಭಾಂಡುಪಿನ ಕ್ಯಾಂಟೀನಿನಲ್ಲಿ ವಿಜಯಪುರದ ಚಂದ್ರಾಮ "ಎರಡ ರೊಟ್ಟಿ ಕೊಡ್ರಿಯಪ್ಪೋ" ಎಂದು ಎಳೆದು ಕೂಗಿದ. ಕಂಪನಿಯ ಯಾವ ಯಂತ್ರಕ್ಕೂ ಆ ‘ಯಪ್ಪೋ’ ಬರುತ್ತಿರಲಿಲ್ಲ.

ವಿಕ್ರಂ ಮತ್ತೊಮ್ಮೆ ಬಂದಾಗ ಲಾವಣ್ಯ ಇಡ್ಲಿ ತರಿಸಿ, ತಡವಾಗಿ ಹೊಳೆದ ಉತ್ತರವನ್ನು ಅವನ ಮುಂದಿಟ್ಟಳು.

"ನೀವು ಚಟ್ನಿಯ ಮಾತು ಹೇಳಿದ್ರಲ್ವಾ, ಕರೆಕ್ಟ್. ಆದ್ರೆ ಇಲ್ಲಿ ಇಡ್ಲಿಯೂ ಪಪ್ಪಂದೇ, ಚಟ್ನಿಯೂ ಪಪ್ಪಂದೇ. ಹೊರಗೆ ಚಟ್ನಿ ಫ್ರೀ ಅಂತ ಬೋರ್ಡು ಹಾಕಿ, ಒಳಗೆ ಬಂದವರಿಗೆ ಇಡ್ಲಿ ಪಕ್ಕದ ಹೊಟೇಲಿಂದ ತನ್ನಿ ಅಂದ್ರೆ? ನಾನು ಮಾಡಿದ್ದು ಅದೇ. ತಪ್ಪು ನಿಮ್ದಲ್ಲ."

"ಹಾಗಾದ್ರೆ ನಮ್ಮನ್ನ ತೆಗೆದೇ ಹಾಕಿದ್ರಾ?"

"ಇಲ್ಲ. ಬೇಕಾದವರು ನಿಮ್ಮ ದನಿ ತಗೊಳ್ಳಬಹುದು, ಅದಕ್ಕೊಂದು ಬಟನ್ ಇಟ್ಟಿದ್ದೇನೆ. ಚಂದಾ ಉಂಟು ಅಂತ ದೊಡ್ಡ ಅಕ್ಷರದಲ್ಲೇ ಬರೆದಿದ್ದೇನೆ. ಬೇಡದವರಿಗೆ ನಿಮ್ಮ ಅಗತ್ಯ ಇಲ್ಲ, ಅಷ್ಟೇ."

ವಿಕ್ರಂ ಇಡ್ಲಿ ಮುರಿದು ಚಟ್ನಿಗೆ ಅದ್ದಿದ. "ನಮ್ಮ ಆಫೀಸಲ್ಲಿ ಖುಷಿ ಪಡಲ್ಲ" ಎಂದ. ಅಷ್ಟರಲ್ಲಿ ಒಳಗಿನಿಂದ ಲಾವಣ್ಯಳ ದನಿ "ಒಂಜಿ ಮಸಾಲೇ" ಎಂದು ಮೇಲೇರಿತು. ಅವನು ತನ್ನ ಎದುರು ಬಾಯಿ ಮುಚ್ಚಿ ಕೂತಿದ್ದ ಲಾವಣ್ಯಳನ್ನೂ ಕಿಂಡಿಯನ್ನೂ ನೋಡಿ ನಕ್ಕುಬಿಟ್ಟ. "ನನಗೂ ಒಂದು ಹೇಳಿ. ಇದನ್ನ ಕೇಳಿದ್ರೆ ಹಸಿವಾಗುತ್ತೆ."

ಗಲ್ಲಾದ ಹತ್ತಿರ ಕೂತಿದ್ದ ಗುಜರಾತಿ ಸೇಠ್ ತಾನು ಮೊದಲೇ ಹೇಳಿದ್ದೆ ಎನ್ನುವಂತೆ ತಲೆಯಾಡಿಸಿದ.

ಎಲ್ಲ ಮುಗಿಯಿತು ಎಂದುಕೊಂಡಾಗ ಟ್ಯಾಬ್ಲೆಟ್ಟಿನಲ್ಲಿ ಒಂದು ಬಟನ್ ದನಿಯಿಲ್ಲದೆ ಉಳಿದಿತ್ತು. ಕೆಲಸದವರ ಊಟದ್ದು. ಲಾವಣ್ಯ ಅದನ್ನೂ ಕೂಗಿ ನೋಡಿದಳು. ಕೊರಗಣ್ಣ ತಲೆ ಅಲ್ಲಾಡಿಸಿದ.

"ಅದು ಕೂಗುವುದಲ್ಲ ಮಾರಾಯ್ತಿ. ಕೂಗಿದ್ರೆ ಗಿರಾಕಿಯದ್ದಾಗ್ತದೆ. ಅದು ಶೀಲಕ್ಕ ಹೇಳುವುದು."

ಶೀಲಾವತಿ ಬೇಡ ಎಂದು ಕೈಯಾಡಿಸಿದಳು. ತನ್ನ ದನಿ ಈಗ ಹರಿದ ಕಾಗದದ ಹಾಗೆ, ಯಾರಿಗೆ ಬೇಕು ಅದು ಎಂದಳು. ಹಾಗೆ ಹೇಳುವಾಗ ಅವಳ ಕಣ್ಣು ಮಾತ್ರ ಫೋನಿನ ಮೇಲೆಯೇ ಇತ್ತು. ಲಾವಣ್ಯ ಫೋನನ್ನು ಅವಳ ಬಾಯಿಗೆ ಹತ್ತಿರ ಹಿಡಿದಳು. ಶೀಲಾವತಿ ಸೆರಗು ಸರಿಮಾಡಿಕೊಂಡಳು, ಒಮ್ಮೆ ಅಡುಗೆಮನೆಯ ಕಡೆ ನೋಡಿದಳು. ಡಾಕ್ಟರು ಹೇಳಿದಷ್ಟೇ ಮೆಲ್ಲಗೆ, ಕೊನೆಯಲ್ಲಿ ಸ್ವಲ್ಪ ಗೊಗ್ಗರಾಗಿ, ಹೇಳಿದಳು.

"ಜೋಕುಲೇ, ವನಸ್‌ಗ್ ಬಲೆ."

ಮಕ್ಕಳೇ, ಊಟಕ್ಕೆ ಬನ್ನಿ. ಅಷ್ಟೇ.

ಮರುದಿನ ರಶ್ಶು ಇಳಿದ ಮೇಲೆ ಧನರಾಜರು ಗಲ್ಲಾದಿಂದಲೇ ಆ ಬಟನ್ ಒತ್ತಿದರು. ಗಂಟೆ ಬಾರಿಸಲಿಲ್ಲ, ಅದಕ್ಕೆ ಗಂಟೆಯಿಲ್ಲ. ಗ್ರೈಂಡರಿನ ಸದ್ದಿನಲ್ಲಿ ಆ ಮೆಲುದನಿ ಮುಳುಗಿಹೋಗುತ್ತದೇನೋ ಎಂದು ಲಾವಣ್ಯ ಕಿವಿಗೊಟ್ಟು ನಿಂತಳು. ಕೊರಗಣ್ಣ ಕಾವಲಿಯ ಕೆಳಗಿನ ಗ್ಯಾಸು ಆರಿಸಿದ. ಒಬ್ಬ ಗ್ರೈಂಡರು ನಿಲ್ಲಿಸಿದ, ಇನ್ನೊಬ್ಬ ಕೈ ತೊಳೆದುಕೊಂ‌ಡ. "ಆಯ್ತಾ, ಮತ್ತೆ" ಎಂದು ಯಾರೂ ಹೇಳಲಿಲ್ಲ. ಕೊರಗಣ್ಣ ಹೊರಗೆ ಬಂದು, ಸ್ಟೂಲಿನ ಮೇಲೆ ಸೊಪ್ಪು ಸೋಸುತ್ತ ಕೂತಿದ್ದ ಶೀಲಾವತಿಗೆ, ಅವಳೇ ಈಗ ತಾನೇ ಕರೆದಳೋ ಎನ್ನುವ ಹಾಗೆ, "ಬಂದೆವು ಶೀಲಕ್ಕ" ಎಂದ. ಶೀಲಾವತಿ ತಲೆ ಎತ್ತಲಿಲ್ಲ. ಅವಳ ಕೈ ಒಂದೇ ಕೊತ್ತಂಬರಿ ಕಡ್ಡಿಯನ್ನು ಬಹಳ ಹೊತ್ತು ಸೋಸಿತು.

ತ್ಯಾಂಪಣ್ಣ ಆ ವಾರದಲ್ಲೇ ಫೋನು ಮಾಡಿದರು. ಅವರು ನವೋದಯಕ್ಕೆ ಬಂದಿದ್ದಾಗ ಅದನ್ನು ಕೇಳಿಸಿಕೊಂಡಿದ್ದರಂತೆ. "ಲಾವಣ್ಯಾ, ನಿನ್ನ ಅಮ್ಮನ ಆ ಊಟದ ಮಾತು ಉಂಟಲ್ಲ, ಅದೊಂದು ನಮಗೂ ಕೊಡು. ಮಿಕ್ಕಿದ್ದಕ್ಕೆ ನನ್ನ ಬೈಗುಳ ಸಾಕು. ಅದಕ್ಕೆ ನನ್ನ ದನಿ ಆಗುವುದಿಲ್ಲ."

ಲಾವಣ್ಯ ಅಮ್ಮನ ಕಡೆ ನೋಡಿ, ಪ್ಲಗಿನ್ ಹಾಕಿಕೊಂಡ ಎಲ್ಲರಿಗೂ ಇದು ಸಿಗುವ ಹಾಗೆ ಮಾಡಲೇ ಎಂದು ಕೇಳಿದಳು.

"ಅವ್ರು ದುಡ್ಡು ಕೊಡಬೇಕಾ ಇದಕ್ಕೆ?" ಎಂದು ಶೀಲಾವತಿ ಮೆಲ್ಲಗೆ ಕೇಳಿದಳು.

"ಇಲ್ಲಮ್ಮ."

"ಹಾಗಾದ್ರೆ ಹಾಕು. ಊಟಕ್ಕೆ ಕರೆಯುವುದಲ್ವಾ."

ಈಗ ಮಧ್ಯಾಹ್ನ ಇಳಿಯುವ ಹೊತ್ತಿಗೆ ಚೆಂಬೂರಿನಲ್ಲಿ, ಮುಲುಂಡಿನಲ್ಲಿ, ಭಾಂಡುಪಿನ ಕ್ಯಾಂಟೀನಿನಲ್ಲಿ ಒಬ್ಬ ಹೆಂಗಸು ಮೆಲ್ಲಗೆ ಊಟಕ್ಕೆ ಕರೆಯುತ್ತಾಳೆ. ಅಲ್ಲಿನ ಹೆಚ್ಚಿನವರು ಅವಳನ್ನು ನೋಡಿದವರಲ್ಲ, ಚಂದ್ರಾಮನಿಗಂತೂ ಅವಳ ಭಾಷೆಯೂ ಗೊತ್ತಿಲ್ಲ. ಅವನು ರೊಟ್ಟಿಯ ಕೈ ತೊಳೆದುಕೊಂಡು, ಸ್ಪೀಕರಿನ ಕಡೆ ತಿರುಗಿ "ಬಂದೆ ಯವ್ವಾ" ಎಂದು ಹೇಳಿಯೇ ತಟ್ಟೆ ತೆಗೆದುಕೊಳ್ಳುತ್ತಾನಂತೆ.